ಹೊನ್ನೂರಮ್ಮನ ಬಾಗಿಲಿಗೆ ಬಿದ್ದ ಇಂಟು ಗುರುತು

ನಮ್ಮೂರಿನಲ್ಲಿ ಮೂವತ್ತರೊಳಗಿನವರು ಯಾರೇ ಇರಲಿ, ಹೊನ್ನೂರಮ್ಮನ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳದವರಿಲ್ಲ. ಗ್ರಾಮ ಪಂಚಾಯಿತಿಯ ಉಪಾಧ್ಯಕ್ಷರೂ ಅದರಲ್ಲಿ ಸೇರಿದ್ದಾರೆ. ಹೊನ್ನೂರಮ್ಮ ಎದುರಿಗೆ ಬಂದರೆ ಆ ಮನುಷ್ಯ ಇವತ್ತಿಗೂ ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳುತ್ತಾರೆ.

ನಾನೂ ಚುಚ್ಚಿಸಿಕೊಂಡವಳೇ. ಐದನೇ ವರ್ಷದ ಲಸಿಕೆ, ಹತ್ತನೇ ವರ್ಷದ್ದು, ಹದಿನಾರನೇ ವರ್ಷದ್ದು, ಮೂರೂ ಅವರ ಕೈಯದೇ. ಐದನೇ ವರ್ಷದ್ದಕ್ಕೆ ನಾನು ಹಿತ್ತಲಲ್ಲಿ ಮೆಕ್ಕೆಜೋಳದ ತೆನೆ ರಾಶಿಯೊಳಗೆ ಹುದುಗಿಕೊಂಡಿದ್ದೆ. ಒಂದು ಕಾಲು ಹೊರಗೆ ಉಳಿದುಬಿಟ್ಟಿತ್ತು. ಅವರು ಆ ಕಾಲು ಹಿಡಿದು ಎಳೆದು, ಮೈಮೇಲಿನ ದೂಳು ಕೊಡವಿ, “ಇರುವೆ ಕಚ್ಚಿದಂಗೆ ಅಷ್ಟೇ ಕಣವ್ವ” ಎಂದು ಚುಚ್ಚಿದರು. ಅದು ಇರುವೆಯಾಗಿರಲಿಲ್ಲ. ಆ ಸೇಡಿಗೇ ನಾನು ದೊಡ್ಡವಳಾಗಿ ಇದೇ ಕೆಲಸ ಹಿಡಿದೆ ಎಂದು ನಮ್ಮ ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಎರಡು ವರ್ಷದ ಹಿಂದೆ ಅವರು ನಿವೃತ್ತರಾದರು, ಊರಿನ ಆರೋಗ್ಯ ಉಪಕೇಂದ್ರದ ಅವರ ಕುರ್ಚಿಗೆ ನಾನು ಬಂದೆ. ಹುದ್ದೆಗೆ ಈಗ ಮೊಳದುದ್ದದ ಹೊಸ ಹೆಸರು ಬಂದಿದೆ. ಕೈಗೆ ಟ್ಯಾಬ್ ಬಂದಿದೆ, ಟ್ಯಾಬಿಗೆ ನೆಟ್‌ವರ್ಕ್ ಬಂದಿಲ್ಲ. ಊರಿನವರ ಬಾಯಲ್ಲಿ ಮಾತ್ರ ನಾನು ಬರೀ ಹೊಸ ನರ್ಸಮ್ಮ, ಅವರು ಹಳೇ ನರ್ಸಮ್ಮ. ನನ್ನ ಕಲ್ಪನಾ ಎಂಬ ಹೆಸರನ್ನು ಸಂಬಳದ ಚೀಟಿ ಮತ್ತು ಹೊನ್ನೂರಮ್ಮ ಬಿಟ್ಟರೆ ಯಾರೂ ಬಳಸುವುದಿಲ್ಲ.

ಅವರ ಮೂವತ್ನಾಲ್ಕು ವರ್ಷದ ಸರ್ವೀಸು ನಾಲ್ಕು ತಾಲ್ಲೂಕಿನಲ್ಲಿ ಸವೆಯಿತು. ಮೊದಲು ಜಗಳೂರು. ಅಲ್ಲಿ ಕುರಿ ಕಾಯುವವರ ಕೂಸುಗಳಿಗೆ ಲಸಿಕೆ ಹಾಕಬೇಕೆಂದರೆ ಐಸ್ ತುಂಬಿದ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಕುರಿಹಿಂಡಿನ ಹಿಂದೆ ಮೂರು ಹರದಾರಿ ನಡೆಯಬೇಕಿತ್ತಂತೆ. ಆಮೇಲೆ ಚನ್ನಗಿರಿ. ಸುಗ್ಗಿಯಲ್ಲಿ ಹೆಂಗಸರೆಲ್ಲ ಅಡಿಕೆ ಸುಲಿಯಲು ಕೂತಿರುತ್ತಿದ್ದರು. ಕೈ ಬಿಡುವಿಲ್ಲದ ತಾಯಂದಿರ ಪಕ್ಕದಲ್ಲೇ ಕೂತು, ತಾವೂ ನಾಲ್ಕು ಅಡಿಕೆ ಸುಲಿದುಕೊಟ್ಟು, ತೊಡೆಯ ಮೇಲಿನ ಕೂಸಿಗೆ ಸೂಜಿ ಹಾಕಿ ಎದ್ದುಬರುತ್ತಿದ್ದರು. ಹೊನ್ನಾಳಿಯಲ್ಲಿ ಹತ್ತು ವರ್ಷದವನೊಬ್ಬ ತಪ್ಪಿಸಿಕೊಳ್ಳಲು ಚಡ್ಡಿ ಬಿಚ್ಚೆಸೆದು ಹೊಳೆಗೆ ಹಾರಿದ. ಹೊನ್ನೂರಮ್ಮ ಅವನ ಚಡ್ಡಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. ನೀರು ತಣ್ಣಗಿತ್ತು, ಬಟ್ಟೆ ತೊಳೆಯುವ ಹೆಂಗಸರು ಸುತ್ತ ಇದ್ದರು, ಅರ್ಧ ಗಂಟೆಯಲ್ಲಿ ಅವನೇ ಕೈ ಚಾಚಿದ. ಕೊನೆಯ ಇಪ್ಪತ್ತು ವರ್ಷ ನಮ್ಮ ನ್ಯಾಮತಿ ಕಡೆ, ಸೂರಗೊಂಡನಕೊಪ್ಪದ ಬಸ್ಸು ಹಾಯುವ ಈ ಊರು. ಇಲ್ಲೇ ಮನೆ ಕಟ್ಟಿಸಿ, ಗಂಡ ಹಾಲೇಶಪ್ಪನವರ ಜೊತೆ ನೆಲೆಯೂರಿದರು.

ಇಷ್ಟೆಲ್ಲ ತಿರುಗಿದ ಹೆಂಗಸು ಸಮುದ್ರ ನೋಡಿರಲಿಲ್ಲ. ಅದೊಂದು ಆಸೆ. ಮಲ್ಪೆಗೆ ಹೋಗಲು ಐದು ಸಲ ರಜೆ ಬರೆದರು. ಐದು ಸಲವೂ ಪಲ್ಸ್ ಪೋಲಿಯೊ ಬಂತು, ಇಲ್ಲವೇ ದಡಾರದ ಅಭಿಯಾನ ಬಂತು, ಇಲ್ಲವೇ ಮೇಲಿನವರ ತಪಾಸಣೆ ಬಂತು. ಆರನೇ ಸಲ ರಜೆ ಸಿಕ್ಕಿತು, ಬಸ್ಸೂ ಹತ್ತಿದರು, ಶಿವಮೊಗ್ಗದಲ್ಲಿ ಫೋನ್ ಬಂದು ವಾಪಸ್ ಇಳಿದರು. ನಿವೃತ್ತಿಯ ದಿನ ನಾವು ಶಾಲು ಹೊದಿಸಿ ಫಲಕ ಕೊಟ್ಟೆವು. ಫಲಕದ ಮೇಲೆ ಸಮುದ್ರದ ಚಿತ್ರ ಇತ್ತು. ಅಂಗಡಿಯಲ್ಲಿ ಅದೊಂದೇ ಉಳಿದಿತ್ತು, ಬೇಕೆಂದು ಮಾಡಿದ್ದಲ್ಲ.

ಅಂಥವರಿಗೆ ಚನ್ನಗಿರಿಯ ಪ್ರೇಮಮ್ಮ ಫೋನ್ ಮಾಡಿದರು. ಹಿಂದೆ ಜೊತೆಗೆ ಕೆಲಸ ಮಾಡಿದವರು, ಇಬ್ಬರದೂ ಒಂದೇ ಜೀವ.

“ಹೊನ್ನೂರಿ, ಸಮುದ್ರದ ದಂಡೆಗೆ ಹೋಗಿ ನಿಂತು ಬರೋದೇನು ದೊಡ್ಡದು? ದಾಟೇ ಬಿಡಾಣ. ಶ್ರೀಲಂಕಾಕ್ಕೆ ಆರು ದಿನದ ಟೂರ್ ಐತೆ. ನಮ್ಮ ವಯಸ್ಸಿನೋರ ಗುಂಪು. ಬರ್ತೀಯೋ ಇಲ್ವೋ ಇವತ್ತೇ ಹೇಳು.”

ಹೊನ್ನೂರಮ್ಮ ಅವತ್ತೇ ಹೇಳಿದರು. ಪಾಸ್‌ಪೋರ್ಟ್ ಬಂತು. ವಿಮಾನದ ಕನಸು ಬೀಳಲು ಶುರುವಾಯಿತು. ದಾವಣಗೆರೆಯ ಟೂರಿನವನು, ಪ್ರವೀಣ್ ಕುಮಾರ್ ಎಂಬುವವನು, ‘ಉಷ್ಣವಲಯಕ್ಕೆ ಹೋಗುವ ಪ್ರಯಾಣಿಕರಿಗೆ ಆರೋಗ್ಯ ಸೂಚನೆಗಳು’ ಎಂಬ ನಾಲ್ಕು ಪುಟ ಕಳಿಸಿದ. ಯಾವುದೋ ಹಿಮ ಬೀಳುವ ದೇಶದವರಿಗೆಂದು ಬರೆದದ್ದನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದು ಓದಿದರೇ ಗೊತ್ತಾಗುತ್ತಿತ್ತು. ಹಾಲೇಶಪ್ಪ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಅಲ್ಲಿ ಸೊಳ್ಳೆಗಳು ಕಚ್ಚಬಹುದು. ಬೀದಿನಾಯಿಗಳು ಅಡ್ಡಾಡುತ್ತಿರಬಹುದು. ನಲ್ಲಿ ನೀರನ್ನು ನಂಬಬಾರದು. ತೆರೆದಿಟ್ಟ ತಿಂಡಿ ತಿನ್ನಬಾರದು. ತಾಪಮಾನ ಮೂವತ್ತೆರಡು ಡಿಗ್ರಿಯವರೆಗೂ ಏರಬಹುದು, ಎದೆಗುಂದಬೇಡಿ.

“ಇದು ಹೊನ್ನಾಳಿ ಬಸ್‌ಸ್ಟ್ಯಾಂಡ್ ಕಣೇ,” ಎಂದರು ಹಾಲೇಶಪ್ಪ.

“ಜಗಳೂರಿನ ಏಪ್ರಿಲ್ ಕಂಡೋಳು ನಾನು. ಮೂವತ್ತೆರಡು ಅಂದ್ರೆ ಸ್ವೆಟರ್ ತಗೊಂಡು ಹೋಗ್ಬೇಕು,” ಎಂದರು ಹೊನ್ನೂರಮ್ಮ. ಹೆಂಡತಿ ಗಂಡ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನಾಲ್ಕನೇ ಪುಟಕ್ಕೆ ಬಂದಾಗ ಹೆಂಡತಿಯ ನಗು ನಿಂತಿತು. ಗುಂಪಿನ ಪ್ರತಿಯೊಬ್ಬರೂ ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡು, ಹೊರಡುವ ಎರಡು ವಾರ ಮೊದಲು, ಅಂದರೆ ಬರುವ ತಿಂಗಳ ಮೊದಲ ಶುಕ್ರವಾರದೊಳಗೆ ಅದರ ಕಾರ್ಡು ಕಳಿಸಬೇಕು. ಕಾರ್ಡಿಲ್ಲದವರ ಸೀಟು ಬೇರೆಯವರಿಗೆ.

ಡಾಕ್ಟರು ಚೀಟಿ ಬರೆದರು. ಪ್ರೇಮಮ್ಮ ತಮ್ಮದನ್ನು ಹಾಕಿಸಿಕೊಂಡು, ಗೆಳತಿಯದನ್ನು ಐಸಿನಲ್ಲಿಟ್ಟು ತಂದುಕೊಟ್ಟು ಹೋದರು. ಹೊನ್ನೂರಮ್ಮ ಅದನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟರು. ಎರಡರಿಂದ ಎಂಟು ಡಿಗ್ರಿ ಇರಬೇಕು, ಬಾಗಿಲು ಪದೇಪದೇ ತೆರೆಯಬಾರದು ಎಂದು ಅಪ್ಪಣೆಯಾಯಿತು. ಪಾಪ, ಹಾಲೇಶಪ್ಪ ಅವತ್ತಿನಿಂದ ಮಜ್ಜಿಗೆಯನ್ನು ಪಕ್ಕದ ಮನೆಯಿಂದ ಇಸಿದುಕೊಂಡು ಬರತೊಡಗಿದರು.

ನಾನು ಕರೆದೆ. “ಸಿಸ್ಟರ್, ಗುರುವಾರ ಲಸಿಕೆ ಸೆಷನ್ ಐತೆ, ಬನ್ನಿ, ಹಾಕಿಬಿಡ್ತೀನಿ.”

“ಈ ಗುರುವಾರ ಅಮಾಸೆ ಕಣೇ.”

ಮುಂದಿನ ಗುರುವಾರ ಸ್ವಲ್ಪ ಶೀತ ಎಂದರು. ನಡುವೆ ಒಂದು ದಿನ ಹೋದರೆ, ಮಗಳನ್ನು ನೋಡಲು ಜಗಳೂರಿಗೆ ಹೊರಟಿದ್ದೇನೆ ಎಂದರು. ಅವರು ಚೀಲ ಹಿಡಿದು ನಿಂತಿದ್ದರು, ಚೀಲ ಖಾಲಿ ಇತ್ತು. ಕೊನೆಗೆ ಒಂದು ದಿನ ಬಾಗಿಲನ್ನು ಅರ್ಧ ತೆರೆದು, “ನಮ್ಮ ಯಜಮಾನ್ರನ್ನ ಒಂದು ಮಾತು ಕೇಳ್ಬೇಕು” ಎಂದುಬಿಟ್ಟರು. ಹಿಂದಿನಿಂದ ಹಾಲೇಶಪ್ಪನವರ ದನಿ ಬಂತು: “ನನ್ನನ್ನ ಯಾವಾಗ ಏನು ಕೇಳಿದ್ದಿ ಮಾರಾಯ್ತಿ?”

ಈ ನೆಪಗಳೆಲ್ಲ ನನಗೆ ಬಾಯಿಪಾಠ. ನಾಲ್ಕು ತಾಲ್ಲೂಕಿನ ತಾಯಂದಿರು ಇವನ್ನೇ ಹೇಳಿದ್ದರು, ಯಾವ ನೆಪಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಕಲಿಸಿದ್ದವರೂ ಇದೇ ಹೊನ್ನೂರಮ್ಮ. ಆದರೂ ನನ್ನ ಮಂದ ತಲೆಗೆ ಹೊಳೆಯಲಿಲ್ಲ. ವಯಸ್ಸಾಯಿತು, ಅರಳುಮರಳು ಎಂದುಕೊಂಡೆ.

ಗಡುವಿನ ಕೊನೆಯ ವಾರದ ಸೋಮವಾರ ಪ್ರವೀಣ್ ಕುಮಾರನಿಂದ ನನಗೇ ಫೋನು. ಕಾರ್ಡಿನ ಮೇಲೆ ನಮ್ಮ ಉಪಕೇಂದ್ರದ ನಂಬರ್ ಇತ್ತಂತೆ.

“ಮೇಡಂ, ಹೊನ್ನೂರಮ್ಮ ಅನ್ನೋರ ಕಾರ್ಡ್ ಬಂದೈತೆ. ಒಂದು ಡೌಟು. ಅವರಿಗೆ ಅರವತ್ತೆರಡು ವರ್ಷ ಅಲ್ವಾ?”

“ಹೌದು.”

“ತೂಕ ಎರಡು ಕೆಜಿ ಎಂಟುನೂರು ಗ್ರಾಂ ಅಂತ ಬರ್ದೈತೆ.”

ಆ ಹುಡುಗ ಮುಂದುವರಿಸಿದ. “ಚುಚ್ಚುಮದ್ದು ಎಡತೊಡೆಗೆ ಹಾಕ್ಯಾರಂತೆ. ಮಗು ಚಟುವಟಿಕೆಯಿಂದ ಐತಂತೆ. ಆರು ತಿಂಗಳು ಎದೆಹಾಲು ಬಿಟ್ರೆ ನೀರೂ ಕೊಡಬ್ಯಾಡಿ ಅಂತ ಟಿಕ್ ಮಾಡ್ಯಾರೆ. ಅಲ್ಲಾ ಮೇಡಂ, ನಾವು ಹೋಟೆಲ್‌ನಾಗೆ ಮೂರು ಹೊತ್ತು ಊಟ ಬುಕ್ ಮಾಡೀವಿ. ಇವರಿಗೆ ಹೆಂಗೆ?”

ನಡೆದದ್ದು ಇಷ್ಟು. ಹೊನ್ನೂರಮ್ಮ ಲಸಿಕೆ ಹಾಕಿಸಿಕೊಳ್ಳದೆಯೇ ಒಂದು ಕಾರ್ಡು ತುಂಬಿ ಕಳಿಸಿದ್ದರು. ಮನೆಯಲ್ಲಿದ್ದದ್ದು ಬಾಣಂತಿ, ಕೂಸುಗಳ ಲೆಕ್ಕ ಬರೆಯುವ ಹಳೆಯ ತಾಯಿ ಕಾರ್ಡು. ಮೂವತ್ನಾಲ್ಕು ವರ್ಷ ಅದನ್ನೇ ತುಂಬಿದ ಕೈ. ಹೆಸರು ಬರೆದದ್ದಷ್ಟೇ ಅವರಿಗೆ ಗೊತ್ತು, ಉಳಿದದ್ದನ್ನೆಲ್ಲ ಕೈ ತಾನೇ ತುಂಬಿಕೊಂಡು ಹೋಗಿತ್ತು. ಸುಳ್ಳು ಲೆಕ್ಕ ಒಂದು ದಿನವೂ ಬರೆಯದವರು ಬರೆದ ಮೊದಲ ಸುಳ್ಳು ಅದು, ಹಾಗಾಗಿ ಹಾಗೆ ಕೆಟ್ಟಿತು.

ಫೋನಿನಲ್ಲಿ ನಗು ಬಂತು, ಇಟ್ಟ ಮೇಲೆ ಮೈಯೆಲ್ಲ ಉರಿಯಿತು. ನಾನೇನಾದರೂ ಒಂದು ಕೂಸಿನ ತೂಕ ಅಂದಾಜಿನಲ್ಲಿ ಬರೆದಿದ್ದರೆ ಈ ಹೆಂಗಸು ನನ್ನನ್ನು ಸುಲಿದು ಬೆರಣಿಯ ಜೊತೆ ಒಣಗಲು ಹಾಕುತ್ತಿದ್ದರು. ನೆಟ್ಟಗೆ ಅವರ ಮನೆಗೆ ಹೋದೆ. ಬಾಗಿಲು ಬಡಿದೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು, ಬಾಗಿಲು ತೆರೆಯಲಿಲ್ಲ. ಚೀಲದಲ್ಲಿ ಸೀಮೆಸುಣ್ಣ ಇತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ದೊಡ್ಡದೊಂದು ಇಂಟು ಗುರುತು ಎಳೆದು ಬಂದೆ.

ಇದು ನಮ್ಮ ಕೆಲಸದ ಪದ್ಧತಿ. ಪೋಲಿಯೊ ಹನಿ ಹಾಕಲು ಮನೆಮನೆಗೆ ಹೋದಾಗ ಆ ಮನೆಯ ಐದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಹಾಕಿ ಮುಗಿದಿದ್ದರೆ ಗೋಡೆಗೆ ‘ಪಿ’ ಎಂದು ಬರೆಯುತ್ತೇವೆ. ಒಂದು ಮಗು ತಪ್ಪಿಸಿಕೊಂಡಿದ್ದರೂ ಇಂಟು. ಇಂಟು ಬಿದ್ದ ಮನೆಗೆ ಮತ್ತೆ ಮತ್ತೆ ಹೋಗುತ್ತೇವೆ, ಅದು ಪಿ ಆಗುವವರೆಗೆ ಬಿಡುವುದಿಲ್ಲ. ಇದನ್ನು ಊರಿನ ಕೂಸುಕುನ್ನಿಗೂ ತಿಳಿಯುವಂತೆ ಕಲಿಸಿದವರು ಹೊನ್ನೂರಮ್ಮನೇ.

ಊರು ಚೆನ್ನಾಗಿಯೇ ಕಲಿತಿತ್ತು. ಮಂಗಳವಾರ ಬೆಳಿಗ್ಗೆ ನೀರಿಗೆ ಹೊರಟವರು ಗೋಡೆ ನೋಡಿದರು. ಇಂಟು ಬಿದ್ದಿದೆ ಎಂದರೆ ಮನೆಯಲ್ಲಿ ಐದು ವರ್ಷದೊಳಗಿನ ಕೂಸು ಇರಲೇಬೇಕು. ಹೊನ್ನೂರಮ್ಮ ಹದಿನೈದು ದಿನದಿಂದ ಬಾಗಿಲು ಅರ್ಧವೇ ತೆರೆಯುತ್ತಿದ್ದಾರೆ. ಹಾಲೇಶಪ್ಪ ಬೇರೆಯವರ ಮನೆಯಿಂದ ಮಜ್ಜಿಗೆ ಒಯ್ಯುತ್ತಿದ್ದಾರೆ. ಅದೇ ಹಾಲೇಶಪ್ಪ ಹೋಟೆಲಿನಲ್ಲಿ ಆಕಳಿಸುತ್ತ, “ಮನ್ಯಾಗೆ ಎರಡು ದಿನದಿಂದ ಕಣ್ಣು ಮುಚ್ಚಿಲ್ಲಪ್ಪ” ಎಂದಿದ್ದರು. ಹೆಂಡತಿ ಸೂಜಿಯ ಚಿಂತೆಯಲ್ಲಿ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು ಎಂದು ಅವರು ಬಿಡಿಸಿ ಹೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಕೆಲವರು, ಮಗಳ ಕೂಸನ್ನು ಗುಟ್ಟಾಗಿ ತಂದಿಟ್ಟುಕೊಂಡಿದ್ದಾರೆ ಎಂದರು. ಮಧ್ಯಾಹ್ನದ ಹೊತ್ತಿಗೆ ಮಗಳು ಬೇಕಾಗಲಿಲ್ಲ, ಕೂಸು ಹೊನ್ನೂರಮ್ಮನದೇ ಆಯಿತು. “ಈಗೆಲ್ಲಾ ಆಗ್ತೈತಂತೆ, ಪೇಪರ್‌ನಾಗೆ ಬರ್ತೈತೆ” ಎಂದು ದಿನಾ ಪೇಪರ್ ಓದುವ ಷಣ್ಮುಖಪ್ಪನವರು ಹೋಟೆಲಿನಲ್ಲಿ ಎಲ್ಲರ ಮುಂದೆ ಹಾಲೇಶಪ್ಪನವರ ಕೈ ಕುಲುಕಿದರು. ಅರವತ್ತಾರರ ಹಾಲೇಶಪ್ಪ ಏಕೆಂದು ತಿಳಿಯದಿದ್ದರೂ ಮರ್ಯಾದೆಗೆ ಥ್ಯಾಂಕ್ಸ್ ಹೇಳಿದರು. ಅದು ಖಾತ್ರಿಯಾದ ಹಾಗಾಯಿತು. ಸಂಜೆಗೆ ಆರು ಜನ ಹೆಂಗಸರು ಕೊಬ್ಬರಿ, ಬೆಲ್ಲ, ಒಣಶುಂಠಿ, ಒಂದು ಹೆಣೆದ ಕುಲಾವಿ ಹಿಡಿದು ಬಾಗಿಲಲ್ಲಿ ನಿಂತರು. ಜಗಳೂರಿನಿಂದ ಮಗಳು ಸಂಧ್ಯಾರಾಣಿ ಫೋನಿನಲ್ಲಿ, “ಅವ್ವಾ, ನಿನಗೆ ನಾಚಿಕೆ ಆಗಲ್ವಾ? ನನಗೂ ಒಂದು ಮಾತು ಹೇಳಲಿಲ್ವಲ್ಲ!” ಎಂದು ಅಳುತ್ತಿದ್ದಳು.

ಆಗ ಬಾಗಿಲು ಪೂರ್ತಿ ತೆರೆಯಿತು. “ಕಲ್ಪನಾನ ಕರ್ಕೊಂಡು ಬನ್ನಿ,” ಎಂಬ ಗುಡುಗು ನಮ್ಮ ಬೀದಿಯವರೆಗೂ ಕೇಳಿತು.

ನಾನು ಹೋದಾಗ ಅವರು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದರು, ಕುಲಾವಿ ಕೈಯಲ್ಲಿತ್ತು. ಬೈಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಬೈಯಲಿಲ್ಲ.

“ನನಗೆ ಹೆದ್ರಿಕೆ ಕಣೇ,” ಎಂದರು. “ಸಣ್ಣೋಳಿದ್ದಾಗಿಂದ. ಕೊರೊನಾದಾಗೆ ಹಾಕ್ಸಿಕೊಳ್ಳಾಕೆ ಇಲ್ಲಿ ಬ್ಯಾಡ ಅಂತ ಹೊನ್ನಾಳಿಗೆ ಹೋದೆ. ಪ್ರೇಮಮ್ಮ ಜೊತೆಗಿದ್ಲು. ಸೂಜಿ ನೋಡಿದ್ದೊಂದೇ ನೆನಪು. ಎಚ್ಚರ ಆದಾಗ ಆಪರೇಷನ್ ಆದ ಹೆಂಗಸರ ಮಂಚದ ಮೇಲಿದ್ದೆ, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಎರಡನೇ ಡೋಸಿಗೆ ಇನ್ನೊಂದೂ ಹೋತು.”

“ಮನ್ಯಾಗೇ ಬಾಗಿಲು ಹಾಕ್ಕೊಂಡು ಹಾಕ್ತೀನಿ, ಸಿಸ್ಟರ್. ಯಾರಿಗೂ ಗೊತ್ತಾಗಲ್ಲ.”

“ಸೆಷನ್ ಬಿಟ್ಟು ಮನ್ಯಾಗೆ ಹಾಕಾಕೆ ನಿನಗೆ ಹೇಳಿಕೊಟ್ಟೋರ್ಯಾರು?” ಎಂದು ಹಳೆಯ ಹೊನ್ನೂರಮ್ಮ ಒಂದು ಕ್ಷಣ ಎದ್ದು ಕೂತರು. ಮತ್ತೆ ಕುಗ್ಗಿದರು. “ಅದಲ್ಲ ಕಣೇ. ಊರು ತುಂಬಾ ಮಕ್ಕಳಿಗೆ ಇರುವೆ ಅಂತ ಹೇಳೀನಿ. ನಾನು ಅಲ್ಲಿ ಬಿದ್ರೆ ನನ್ನ ಮಾತಿಗೆ ಏನು ಬೆಲೆ ಉಳೀತು? ಸಮುದ್ರ ಹೋದ್ರೆ ಹೋಗ್ಲಿ ಬಿಡು.”

ಹೋಗಲಿ ಬಿಡು ಎನ್ನುವಾಗ ಅವರ ಕಣ್ಣು ಗೋಡೆಯ ಮೇಲಿನ ಫಲಕದ ಕಡೆ ಹೋಯಿತು. ನನಗೆ ಪಾಪ ಅನ್ನಿಸಿತು. ಇಂಟು ಎಳೆದ ಕೈ ಮುರಿದುಹೋಗಲಿ ಅನ್ನಿಸಿತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

“ಮತ್ತೆ ಕೂಸಿನ ಸುದ್ದಿಗೆ ಏನು ಮಾಡ್ತೀರಿ? ಸೂಜಿ ಹಾಕಿಸ್ಕೊಳ್ಳೋ ಕೂಸು ಹೊರಗೆ ಬರೋವರೆಗೂ ಊರು ಬಿಡಲ್ಲ. ನಾಳೆ ಉಪಾಧ್ಯಕ್ಷರು ತೊಟ್ಟಿಲು ತರ್ತಾರಂತೆ.”

ಹೊನ್ನೂರಮ್ಮ ಕುಲಾವಿಯನ್ನು ಮಡಿಚಿಟ್ಟು, “ಗುರುವಾರ ಬರ್ತೀನಿ” ಎಂದರು.

ಗುರುವಾರ ಉಪಕೇಂದ್ರದ ಮುಂದೆ ಅಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ಕೂಸು ನೋಡಲು ಬಂದವರೇ ಎಲ್ಲ. ನಿಜವಾಗಿ ಲಸಿಕೆಗೆ ಬರಬೇಕಾಗಿದ್ದವಳು ಷಣ್ಮುಖಪ್ಪನವರ ಮೊಮ್ಮಗಳು ಪೂಜಾ, ಐದು ವರ್ಷ ತುಂಬಿದವಳು. ಎರಡು ಗುರುವಾರ ನನ್ನ ಕೈ ಕಚ್ಚಿ ಓಡಿಹೋಗಿದ್ದಳು. ಇವತ್ತೂ ಅಂಗಳದ ಬೇವಿನ ಮರ ಹತ್ತಿ, ಕೈಗೆ ಎಟುಕದ ಕೊಂಬೆಯ ಮೇಲೆ ಕೂತು ಎಲ್ಲರಿಗೂ ನಾಲಿಗೆ ತೋರಿಸುತ್ತಿದ್ದಳು.

ಹೊನ್ನೂರಮ್ಮ ಬಂದರು. ಹಾಲೇಶಪ್ಪ ಹಿಂದೆ ಐಸಿನ ಡಬ್ಬಿ ಹೊತ್ತಿದ್ದರು. ಹೆಂಗಸರು ಡಬ್ಬಿಯೊಳಗೇ ಇಣುಕಿದರು.

“ಕೂಸೆಲ್ಲಿ ನರ್ಸಮ್ಮಾರೆ?”

“ನಾನೇ,” ಎಂದು ಅವರು ಕುರ್ಚಿಯ ಮೇಲೆ ಕೂತರು. ಮುಖ ಸುಣ್ಣವಾಗಿತ್ತು. ಸೆರಗು ಸರಿಸಿ ತೋಳು ತೋರಿಸಿದರು. ಆಮೇಲೆ ಎಲ್ಲರ ಕಡೆ ತಿರುಗಿ, ಹೆಸರು ಕೂಗಿ ಕರೆಯುವಾಗಿನ ಅದೇ ದೊಡ್ಡ ಗಂಟಲಿನಲ್ಲಿ ಹೇಳಿದರು:

“ನೋಡ್ರಪ್ಪಾ, ಮೂವತ್ನಾಲ್ಕು ವರ್ಷ ಇರುವೆ ಕಚ್ಚಿದಂಗೆ ಅಂತ ಹೇಳ್ದೆ. ಸುಳ್ಳು. ನೋಯ್ತೈತೆ. ನನಗೆ ನಿಮಗಿಂತ ಜಾಸ್ತಿ ಹೆದ್ರಿಕೆ. ಬಿದ್ರೂ ಬೀಳ್ತೀನಿ, ನಗೋರು ನಗ್ರಿ. ಆದ್ರೂ ಹಾಕಿಸ್ಕೋಬೇಕು, ಅದಕ್ಕೇ ಬಂದೀನಿ.”

ಯಾರೂ ನಗಲಿಲ್ಲ. ಉಪಾಧ್ಯಕ್ಷರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಮರದ ಮೇಲಿನಿಂದ ಪೂಜಾ ಕೇಳಿದಳು, “ಎಷ್ಟು ನೋಯ್ತೈತೆ ಅಜ್ಜಿ?”

ಹೊನ್ನೂರಮ್ಮ ಯೋಚನೆ ಮಾಡಿದರು. ಈ ಪ್ರಶ್ನೆಗೆ ಅವರು ಇದುವರೆಗೆ ನಿಜವಾದ ಉತ್ತರ ಹುಡುಕಿರಲೇ ಇಲ್ಲ ಎಂದು ನನಗೆ ಕಾಣುತ್ತದೆ.

“ಹತ್ತು ಎಣಿಸೋದ್ರಾಗೆ ಮುಗೀಬೌದು. ಎಣಿಸಾಕೆ ಬರ್ತೈತಾ ನಿನಗೆ?”

“ಬರ್ತೈತೆ. ಒಂದೂ...”

ನಾನು ಹತ್ತಿಯಿಂದ ತೋಳು ಒರೆಸಿದೆ. “ಸೂಜಿ ನೆಟ್ಟಗೆ ಹಿಡಿಯೇ,” ಎಂದು ಪೇಷಂಟೇ ನನ್ನನ್ನು ಗದರಿತು. ಪೂಜಾ ಎರಡೂ, ಮೂರೂ ಎನ್ನುತ್ತ ಒಂದೊಂದು ಎಣಿಕೆಗೂ ಒಂದೊಂದು ಕೊಂಬೆ ಇಳಿಯುತ್ತಿದ್ದಳು, ಸರಿಯಾಗಿ ಕಾಣಬೇಕಲ್ಲ. ನಾಲ್ಕಕ್ಕೆ ಊರೇ ದನಿಗೂಡಿಸಿತು. ಐದಕ್ಕೆ ಚುಚ್ಚಿದೆ. ಹೊನ್ನೂರಮ್ಮ “ಯಪ್ಪಾ!” ಎಂದು ಕೂಗಿದ ರಭಸಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಎಂಟಕ್ಕೆ ಕಣ್ಣು ಮುಚ್ಚಿದರು. ಒಂಬತ್ತಕ್ಕೆ ಹಾಲೇಶಪ್ಪನವರ ಹೆಗಲಿನ ಮೇಲೆ ವಾಲಿದರು. ಹತ್ತಕ್ಕೆ ಒಂದು ಕಣ್ಣು ತೆರೆದು, “ಚಪ್ಪಲಿ ಐತಾ?” ಎಂದರು.

“ಎರಡೂ ಅವೆ,” ಎಂದರು ಹಾಲೇಶಪ್ಪ.

ಪೂಜಾ ನೆಲಕ್ಕೆ ಇಳಿದು ಕುರ್ಚಿಯ ಪಕ್ಕ ನಿಂತಿದ್ದಳು. ಅಜ್ಜಿಯ ತೋಳನ್ನು ಹತ್ತಿರದಿಂದ ಪರೀಕ್ಷೆ ಮಾಡಿ, “ನನಗೂ ಎಲ್ಲಾರೂ ಎಣಿಸ್ಬೇಕು, ಗಟ್ಟಿಯಾಗಿ” ಎಂದು ಷರತ್ತು ಹಾಕಿ, ಹೊನ್ನೂರಮ್ಮನ ತೊಡೆಯ ಮೇಲೇ ಹತ್ತಿ ಕೂತಳು. ಊರು ಮತ್ತೆ ಎಣಿಸಿತು. ಅವತ್ತಿನಿಂದ ನಾನು ಯಾವ ಮಗುವಿಗೂ ಇರುವೆಯ ಸುದ್ದಿ ಹೇಳಿಲ್ಲ, ಎಣಿಸುತ್ತೇನೆ. ಕೈ ಕಚ್ಚಿಸಿಕೊಳ್ಳುವುದು ಅರ್ಧಕ್ಕರ್ಧ ಕಡಿಮೆಯಾಗಿದೆ.

ಕಾರ್ಡನ್ನು ಈ ಸಲ ನಾನೇ ತುಂಬಿದೆ. ತೂಕ ಎಪ್ಪತ್ತೊಂದು ಕೆಜಿ, ಎಡತೋಳು, ಊಟ ಎಲ್ಲ ಕೊಡಬಹುದು. ಸಂಜೆ ಅವರ ಗೋಡೆಯ ಇಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ‘ಪಿ’ ಎಂದು ಬರೆದು ಬಂದೆ.

ಅದಾಗಿ ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ವಿಡಿಯೊ ಕಾಲ್ ಬಂತು. ಪರದೆಯಲ್ಲಿ ಮೊದಲು ಪ್ರೇಮಮ್ಮನ ಮೂಗು, ಆಮೇಲೆ ಆಕಾಶ, ಆಮೇಲೆ ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತ ಹೊನ್ನೂರಮ್ಮ. ಹಿಂದೆ ಎಲ್ಲೆಲ್ಲೂ ಸಮುದ್ರ.

“ಹೆಂಗೈತೆ ಸಿಸ್ಟರ್?” ಎಂದೆ.

“ಉಪ್ಪು ಜಾಸ್ತಿ ಆಗೈತೆ. ಭೇದಿಗೆ ಓಆರ್‌ಎಸ್ ಅಂತ ಕೊಡಾಕೆ ಬರಲ್ಲ,” ಎಂದರು. ಒಂದು ಅಲೆ ಬಂದು ಹೋಯಿತು, ಅವರು ಅಲುಗಲಿಲ್ಲ. “ಇಷ್ಟು ದೊಡ್ಡದು ಅಂತ ಯಾರೂ ಹೇಳಿರ್ಲಿಲ್ಲ ಕಣೇ. ದಂಡೆ ಮ್ಯಾಲೆ ಹೆದ್ರಿಕೆ ಆತು. ಹತ್ತು ಎಣಿಸಿ ಇಳಿದೆ.”

ಈ ಸಲ ದೀಪಾವಳಿಗೆ ಅವರ ಮನೆಗೆ ಬಣ್ಣ ಹೊಡೆಸಿದರು. ಬಾಗಿಲ ಪಕ್ಕದ ಅಂಗೈಯಗಲದ ಜಾಗಕ್ಕೆ ಬ್ರಷ್ ತಾಗಿಸಬಾರದು ಎಂದು ಹಾಲೇಶಪ್ಪ ಪೇಂಟರಿಗೆ ಹೇಳಿ, ನಂಬಿಕೆ ಸಾಲದೆ, ಕೆಲಸ ಮುಗಿಯುವವರೆಗೂ ತಾವೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.